ಹತ್ತು ಮೀಟರ್ ಏರ್ ಪಿಸ್ತೂಲಿಗೆ ಪೆಲೆಟ್ ಆರಿಸುವ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಅಡಿಕೆ ದಾಸ್ತಾನಿಡುವ ಉದ್ದನೆಯ ಶೆಡ್ಡಿನ ಒಂದು ಬದಿಯನ್ನು ತೆರವು ಮಾಡಿ, ಹತ್ತು ಮೀಟರ್ ಅಳೆದು, ತುದಿಯಲ್ಲಿ ಪೆಲೆಟ್ (ಗಾಳಿಯ ಒತ್ತಡದಿಂದ ಹಾರುವ ಸೀಸದ ಚಿಕ್ಕ ಗುಂಡು) ತಡೆಯುವ ಉಕ್ಕಿನ ಪೆಟ್ಟಿಗೆಯನ್ನಿಟ್ಟು ಕೆಲವು ವರ್ಷಗಳಿಂದ ಏರ್ ಪಿಸ್ತೂಲಿನ ಅಭ್ಯಾಸ ನಡೆಸುತ್ತಿದ್ದೇವೆ. ಒಂದು ಮಳೆಗಾಲದ ಸಂಜೆ ತಂಗಿಯ ಮಗಳು ಗುಂಡು ಹಾರಿಸಿ, ಪಿಸ್ತೂಲನ್ನು ಮೇಜಿಗೆ ಇಳಿಸುವ ಮೊದಲೇ, "ಮಾವ, ಇದು ಹತ್ತು" ಎಂದಳು. ಗುರಿಕಾರ್ಡನ್ನು ತಂದು ನೋಡಿದರೆ ತೂತು ನಡುವಿನ ಹತ್ತು ಅಂಕದ ವೃತ್ತದಲ್ಲಿರದೆ ಎಡಕ್ಕೆ, ಎಂಟು ಅಂಕದ ಪಟ್ಟಿಯಲ್ಲಿ ಇತ್ತು. ಮುಂದಿನ ಕೆಲವು ಗುಂಡುಗಳು ಅವಳು ಹೇಳಿದಲ್ಲಿಯೇ ಬಿದ್ದವು. ಆಮೇಲೆ ಪುನಃ ಒಂದು ಕಾರಣವಿಲ್ಲದೆ ಹೊರಗೆ ಹೋಯಿತು. ಬೆರಳು ಟ್ರಿಗರನ್ನು ಪಕ್ಕಕ್ಕೆ ದೂಡುತ್ತಿದೆಯೆಂದು ತಿಳಿದು ನಾನು ಮೂರು ವಾರ ಅವಳ ಬೆರಳನ್ನೇ ತಿದ್ದಿದೆ. ಕೊನೆಗೆ ಡಬ್ಬಿಯಲ್ಲಿದ್ದ ಪೆಲೆಟ್‌ಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿದಾಗ, ಹೆಚ್ಚುಕಡಿಮೆ ಹತ್ತಕ್ಕೊಂದರಂತೆ ಹಿಂಬದಿಯ ತೆಳು ಅಂಚು ಒಂದು ಕಡೆ ನೆಗ್ಗಿಹೋಗಿತ್ತು. ಕೊರಿಯರಿನಲ್ಲಿ ಬಂದ ಆ ಡಬ್ಬಿಯ ಅಂಚು ಜಜ್ಜಿದ್ದುದನ್ನು ಬಂದ ದಿನವೇ ಕಂಡಿದ್ದೆ, ಆದರೆ ಲಕ್ಷ್ಯ ಕೊಟ್ಟಿರಲಿಲ್ಲ. ಆ ಮೂರು ವಾರಗಳಲ್ಲಿ ಹುಡುಗಿ ತನ್ನ ಕೈಯ ಮೇಲಿನ ನಂಬಿಕೆಯನ್ನು ಕಳೆದುಕೊಂಡಿದ್ದಳು. ಅದನ್ನು ಮರಳಿ ತರಲು ತಿಂಗಳುಗಳೇ ಬೇಕಾದವು.

ಪೆಲೆಟ್ ಆರಿಸುವ ಕೆಲಸವನ್ನು ನಾನು ಗಂಭೀರವಾಗಿ ತೆಗೆದುಕೊಂಡಿದ್ದು ಅಂದಿನಿಂದ. ಗುಂಡು ಹೊರಟ ಕ್ಷಣದಲ್ಲಿಯೇ ಅದು ಎಲ್ಲಿ ಬಿದ್ದಿರಬೇಕೆಂದು ಹೇಳುವುದನ್ನು ಶೂಟರ್‌ಗಳು ಶಾಟ್ ಕಾಲ್ ಎನ್ನುತ್ತಾರೆ. ತಾನು ಹೇಳಿದ್ದಕ್ಕೂ ಕಾರ್ಡಿನಲ್ಲಿ ಕಂಡದ್ದಕ್ಕೂ ತಾಳೆ ನೋಡುತ್ತಲೇ ಕಲಿಯುವವನ ಕಣ್ಣು ಮತ್ತು ಬೆರಳು ಪಳಗುತ್ತವೆ. ಪೆಲೆಟ್ ಸುಳ್ಳು ಹೇಳಿದರೆ ಈ ತಾಳೆಯೇ ಕೆಡುತ್ತದೆ. ಆದುದರಿಂದ ಒಳ್ಳೆಯ ಪೆಲೆಟ್ ಬೇಕಾಗಿರುವುದು ಅಂಕ ಏರಿಸುವುದಕ್ಕೆ ಎನ್ನುವುದಕ್ಕಿಂತಲೂ ಕಾರ್ಡಿನ ಮೇಲಿನ ತೂತನ್ನು ನಂಬುವಂತಾಗುವುದಕ್ಕೆ ಎಂಬುದು ನನ್ನ ಅಭಿಪ್ರಾಯ, ಮತ್ತು ಕೆಳಗಿನ ಪ್ರತಿಯೊಂದು ಹೆಜ್ಜೆಯನ್ನೂ ಇದೇ ದೃಷ್ಟಿಯಿಂದ ಬರೆದಿದ್ದೇನೆ.

ಮೊದಲ ಹೆಜ್ಜೆ: ನಮಗೆ ಎಷ್ಟು ನಿಖರತೆ ಬೇಕೆಂದು ಲೆಕ್ಕ ಹಾಕುವುದು

ಅಂತರರಾಷ್ಟ್ರೀಯ ನಿಯಮದಂತೆ ಹತ್ತು ಮೀಟರ್ ಏರ್ ಪಿಸ್ತೂಲಿನ ಗುರಿಕಾರ್ಡಿನಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಇರುತ್ತದೆ, ಅಲ್ಲಿಂದ ಹೊರಕ್ಕೆ ಪ್ರತಿಯೊಂದು ಅಂಕದ ಪಟ್ಟಿಯ ಅಗಲ 8 ಮಿ.ಮೀ. ತೂತಿನ ಅಂಚು ಗೆರೆಯನ್ನು ಮುಟ್ಟಿದರೂ ಹೆಚ್ಚಿನ ಅಂಕವೇ ಸಿಗುವುದರಿಂದ, 4.5 ಮಿ.ಮೀ. ದಪ್ಪದ ಪೆಲೆಟ್‌ನ ನಡುಬಿಂದು ಗುರಿಯ ನಡುವಿನಿಂದ 8 ಮಿ.ಮೀ. ಒಳಗೆ ಬಿದ್ದರೆ ಸಾಕು, ಅದು ಹತ್ತು. ಏರ್ ರೈಫಲ್‌ನ ಕಾರ್ಡಿನಲ್ಲಿ ಹತ್ತು ಎಂದರೆ ಅರ್ಧ ಮಿ.ಮೀ. ಚುಕ್ಕೆ ಮಾತ್ರ, ಅಲ್ಲಿ ಇದೇ ಲೆಕ್ಕದಲ್ಲಿ ಸಿಗುವ ಅವಕಾಶ 2.5 ಮಿ.ಮೀ. ರೈಫಲ್‌ನವರು ಪೆಲೆಟ್‌ನ ವಿಷಯದಲ್ಲಿ ತೋರಿಸುವ ಅತಿಸೂಕ್ಷ್ಮತೆಯೆಲ್ಲವನ್ನೂ ಪಿಸ್ತೂಲಿನವರು ಅನುಕರಿಸಬೇಕಾಗಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಕೈಯ ಅಲುಗಾಟದಿಂದ ಆಗುವ ಚೆದುರುವಿಕೆ ಮತ್ತು ಪೆಲೆಟ್‌ನಿಂದ ಆಗುವ ಚೆದುರುವಿಕೆ ನೇರವಾಗಿ ಒಂದಕ್ಕೊಂದು ಕೂಡುವುದಿಲ್ಲ; ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಹೊಸಬನ ಕೈ 15 ಮಿ.ಮೀ. ಚೆದುರುವಂತಿದ್ದರೆ, 2 ಮಿ.ಮೀ. ಚೆದುರುವ ಉತ್ತಮ ಪೆಲೆಟ್‌ನೊಂದಿಗೆ ಒಟ್ಟು 15.1 ಆಗುತ್ತದೆ, 6 ಮಿ.ಮೀ. ಚೆದುರುವ ಕಳಪೆ ಪೆಲೆಟ್‌ನೊಂದಿಗೆ 16.2 ಆಗುತ್ತದೆ. ವ್ಯತ್ಯಾಸ ಒಂದು ಮಿಲಿಮೀಟರ್‌ನಷ್ಟು. ಅದೇ ಪಳಗಿದ ಕೈ 5 ಮಿ.ಮೀ. ಚೆದುರುವಂತಿದ್ದರೆ, ಮೊದಲ ಪೆಲೆಟ್‌ನಲ್ಲಿ 5.4, ಎರಡನೆಯದರಲ್ಲಿ 7.8. ಹೊಸಬನಿಗೆ ದುಬಾರಿ ಪೆಲೆಟ್ ಅಂಕ ತಂದುಕೊಡುವುದಿಲ್ಲ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ. ಆದರೆ ಇಲ್ಲಿ ಹೇಳಿರುವುದು ಸರಾಸರಿಯ ಮಾತು. ನೆಗ್ಗಿದ ಅಂಚಿನ ಒಂದು ಪೆಲೆಟ್ ಸರಾಸರಿಯ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಒಮ್ಮೆಲೇ ಒಂದು ಅಂಕವನ್ನೋ ಎರಡು ಅಂಕವನ್ನೋ ತಿಂದು, ತಪ್ಪು ಕೈಯದೆಂದು ಕಾಣಿಸುತ್ತದೆ. ಆದುದರಿಂದ ಹೊಸಬನು ಹುಡುಕಬೇಕಾದುದು ಅತ್ಯಂತ ನಿಖರವಾದ ಪೆಲೆಟ್ ಅಲ್ಲ, ಡಬ್ಬಿಯ ಮೊದಲನೆಯದರಿಂದ ಐನೂರನೆಯದರವರೆಗೆ ಒಂದೇ ತೆರನಾಗಿರುವ ಪೆಲೆಟ್.

ದಶಮಾಂಶ ಎಣಿಸುವ ಫೈನಲ್‌ಗಳ ಮಾತು ಬೇರೆ. ಅಲ್ಲಿ 0.1 ಅಂಕ ಎಂದರೆ 0.8 ಮಿ.ಮೀ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ ಏರ್ ಪಿಸ್ತೂಲ್ ಫೈನಲ್‌ನಲ್ಲಿ ಮನು ಭಾಕರ್ 221.7 ಅಂಕಗಳೊಂದಿಗೆ ಕಂಚು ಪಡೆದಾಗ, ಮುಂದಿನ ಸ್ಥಾನದಲ್ಲಿದ್ದ ಕೊರಿಯದ ಕಿಮ್ ಯೆ-ಜಿ ಅವರಿಗಿಂತ ಹಿಂದಿದ್ದುದು ಕೇವಲ 0.1 ಅಂಕದಿಂದ. ಆ ಮಟ್ಟದಲ್ಲಿ ಪೆಲೆಟ್‌ನ ಎರಡು ಮಿಲಿಮೀಟರ್‌ಗೂ ಬೆಲೆಯಿದೆ. ನಮ್ಮ ಶೆಡ್ಡಿನಲ್ಲಿ ಅಭ್ಯಾಸ ಮಾಡುವವರಿಗೆ ಇನ್ನೂ ಇಲ್ಲ.

ಎರಡನೆಯ ಹೆಜ್ಜೆ: ಆಕಾರವನ್ನು ನಿಶ್ಚಯಿಸುವುದು

ಇದರಲ್ಲಿ ಹೆಚ್ಚು ಯೋಚಿಸುವಂಥದ್ದೇನೂ ಇಲ್ಲ. ಗುರಿಕಾರ್ಡಿಗೆ ಚಪ್ಪಟೆ ತಲೆಯ, 4.5 ಮಿ.ಮೀ. ಸೀಸದ ಪೆಲೆಟ್ ಬೇಕು. ಇಂಗ್ಲಿಷ್ ಅಳತೆಯಲ್ಲಿ ಇದನ್ನೇ .177 (ಇಂಚು) ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಸೀಸ ಅಥವಾ ಅದರಂಥ ಮೆದು ವಸ್ತುವಿನದಾಗಿದ್ದರೆ ಆಕಾರ ಯಾವುದಾದರೂ ಆಗಬಹುದೆಂದು ನಿಯಮ ಹೇಳುತ್ತದೆಯಾದರೂ, ಚಪ್ಪಟೆ ತಲೆ ಕಾಗದವನ್ನು ಬಿಲ್ಲೆಯಂತೆ ಕತ್ತರಿಸಿ ದುಂಡಗಿನ ಶುದ್ಧ ತೂತು ಮಾಡುತ್ತದೆ. ಚೂಪು ತಲೆ ಕಾಗದವನ್ನು ಸೀಳಿ ಹೋಗುವುದರಿಂದ ಗೆರೆ ಮುಟ್ಟಿದೆಯೇ ಇಲ್ಲವೇ ಎಂದು ಹೇಳುವುದೇ ಕಷ್ಟವಾಗುತ್ತದೆ.

ನಮ್ಮ ಕಡೆ ತೋಟಕ್ಕೆ ನುಗ್ಗುವ ಮಂಗಗಳನ್ನು ಹೆದರಿಸಲೆಂದು ಹಲವು ಮನೆಗಳಲ್ಲಿ ಏರ್‌ಗನ್ ಇರುತ್ತದೆ, ಅದರ ಜೊತೆಗೆ ಒಂದು ಡಬ್ಬಿ ಚೂಪು ಪೆಲೆಟ್ ಕೂಡ ಇರುತ್ತದೆ. ಮನೆಯಲ್ಲಿ ಇದೆಯಲ್ಲ ಎಂದು ಅದನ್ನು ಗುರಿಕಾರ್ಡಿನ ಪಿಸ್ತೂಲಿಗೆ ಹಾಕುವ ಅಭ್ಯಾಸವನ್ನು ಹಲವರಲ್ಲಿ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆಟಿಕೆ ಪಿಸ್ತೂಲುಗಳಲ್ಲಿ ಬಳಸುವ ದುಂಡಗಿನ ಉಕ್ಕಿನ ಗುಂಡುಗಳಂತೂ ಬ್ಯಾರೆಲ್‌ನೊಳಗಿನ ಸುರುಳಿ ಗೀರುಗಳನ್ನೇ ಹಾಳುಮಾಡುತ್ತವೆ. ಸೀಸವಿಲ್ಲದ, ತವರದಿಂದ ಮಾಡಿದ ಪೆಲೆಟ್‌ಗಳೂ ಸಿಗುತ್ತವೆ. ಅವು ಹಗುರ ಮತ್ತು ಹೆಚ್ಚು ಗಡಸಾಗಿರುವುದರಿಂದ ಅವುಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸದೆ ಕೊಳ್ಳಬಾರದು.

ಮೂರನೆಯ ಹೆಜ್ಜೆ: ತೂಕ ಮತ್ತು ತಲೆಯ ವ್ಯಾಸ

ಪಂದ್ಯದ ದರ್ಜೆಯ ಪೆಲೆಟ್‌ಗಳು ಮುಖ್ಯವಾಗಿ ಎರಡು ತೂಕದ ಗುಂಪುಗಳಲ್ಲಿ ಬರುತ್ತವೆ. ಪಿಸ್ತೂಲಿಗೆಂದು ಮಾಡಿದವು 0.45ರಿಂದ 0.49 ಗ್ರಾಂ ಇರುತ್ತವೆ. ರೈಫಲ್‌ಗೆಂದು ಮಾಡಿದವು 0.52 ಅಥವಾ 0.53 ಗ್ರಾಂ. ಜರ್ಮನಿಯ ಆರ್‌ಡಬ್ಲ್ಯೂಎಸ್‌ನ ಆರ್-10 ಮ್ಯಾಚ್ ಮತ್ತು ಮೈಸ್ಟರ್‌ಕೂಗೆಲ್ನ್ ಎರಡೂ ಪಿಸ್ತೂಲಿಗೆ 0.45, ರೈಫಲ್‌ಗೆ 0.53 ಗ್ರಾಂ ತೂಕದಲ್ಲಿ ಸಿಗುತ್ತವೆ. ಅದೇ ದೇಶದ ಎಚ್ ಆ್ಯಂಡ್ ಎನ್‌ನವರ ಫಿನಾಲೆ ಮ್ಯಾಚ್ 0.49 ಮತ್ತು 0.53ರ ನಡುವಿನ ಬೇರೆಬೇರೆ ತೂಕಗಳಲ್ಲಿ ಬಂದಿದೆ. ಚೆಕ್ ದೇಶದ ಜೆಎಸ್‌ಬಿಯ ಪೆಲೆಟ್‌ಗಳನ್ನು ಬಳಸುವವರೂ ಬಹಳ ಮಂದಿ ಇದ್ದಾರೆ. ಅಭ್ಯಾಸಕ್ಕೆ ಆರ್‌ಡಬ್ಲ್ಯೂಎಸ್‌ನ 0.45 ಗ್ರಾಂ ತೂಕದ ಹಾಬಿ ಅಗ್ಗದ ಆಯ್ಕೆ.

ಪಂದ್ಯದ ಪಿಸ್ತೂಲಿನಿಂದ ಪೆಲೆಟ್ ಹೊರಡುವ ವೇಗ ಸೆಕೆಂಡಿಗೆ ಸುಮಾರು 150 ಮೀಟರ್. ಹತ್ತು ಮೀಟರ್ ದಾಟಲು ಅದಕ್ಕೆ 0.07 ಸೆಕೆಂಡ್ ಬೇಕಾಗುತ್ತದೆ, ಅಷ್ಟರೊಳಗೆ ಅದು ಭೂಮಿಯ ಸೆಳೆತದಿಂದ ಸುಮಾರು 24 ಮಿ.ಮೀ. ಇಳಿಯುತ್ತದೆ. ಪೆಲೆಟ್ ಭಾರವಾದರೆ ಅದೇ ಗಾಳಿಯ ಒತ್ತಡದಲ್ಲಿ ನಿಧಾನವಾಗಿ ಹೊರಡುವುದರಿಂದ ಇನ್ನಷ್ಟು ಇಳಿಯುತ್ತದೆ. 0.45 ಗ್ರಾಂನಿಂದ 0.53 ಗ್ರಾಂಗೆ ಬದಲಾಯಿಸಿದರೆ ತೂತು ಸುಮಾರು 3–4 ಮಿ.ಮೀ. ಕೆಳಗೆ ಬೀಳುತ್ತದೆ, ಸೈಟಿನ (ಗುರಿ ಹಿಡಿಯುವ ಸಾಧನದ) ತಿರುಪನ್ನು ಕೆಲವು ಕ್ಲಿಕ್ ತಿರುಗಿಸಿದರೆ ಇದು ಸರಿಯಾಗುತ್ತದೆ. ಹೀಗಾಗಿ ಭಾರದ ಪೆಲೆಟ್‌ನಿಂದ ನಿಖರತೆಗೆ ಧಕ್ಕೆಯಾಗುತ್ತದೆಂದು ಹೆದರಬೇಕಾಗಿಲ್ಲ. ಆದರೂ ಮೊದಲು ಹಗುರ ಪೆಲೆಟ್‌ನಿಂದ ಆರಂಭಿಸಿರೆಂದು ನಾನು ಹೇಳುತ್ತೇನೆ. ಪೆಲೆಟ್ ಬ್ಯಾರೆಲ್‌ನಿಂದ ಬೇಗ ಹೊರಬಿದ್ದಷ್ಟೂ ಕೈ ಅಲುಗಿ ಕೆಡಿಸುವ ಅವಕಾಶ ಕಡಿಮೆ. ಒಂದೇ ಸಲ ಸನ್ನೆ ಎಳೆದು ಗಾಳಿ ತುಂಬುವ ಸರಳ ಪಿಸ್ತೂಲುಗಳಲ್ಲಿ ಶಕ್ತಿ ಇನ್ನೂ ಕಡಿಮೆಯಿರುವುದರಿಂದ ಅವುಗಳಿಗೆ ಹಗುರ ಪೆಲೆಟ್ ಹೊಂದುವುದೇ ಹೆಚ್ಚು.

ಡಬ್ಬಿಯ ಮೇಲೆ 4.49, 4.50, 4.51 ಎಂದೆಲ್ಲ ಬರೆದಿರುವುದು ತಲೆಯ ವ್ಯಾಸ. ಬ್ಯಾರೆಲ್‌ನ ಒಳಗಿನ ಗೀರುಗಳ ಉಬ್ಬಿಗೆ ಈ ತಲೆ ಮೈತಾಗಿ ಸಾಗಬೇಕು. ತೀರಾ ಸಡಿಲವಾದರೆ ಪೆಲೆಟ್ ಓಲಾಡುತ್ತ ಹೋಗುತ್ತದೆ; ತೀರಾ ಬಿಗಿಯಾದರೆ ತುರುಕುವಾಗಲೇ ಜಜ್ಜುತ್ತದೆ ಮತ್ತು ವೇಗ ಏರುಪೇರಾಗುತ್ತದೆ. ಯಾವ ವ್ಯಾಸ ಒಳ್ಳೆಯದೆಂದು ಯಾರನ್ನು ಕೇಳಿದರೂ ಪ್ರಯೋಜನವಿಲ್ಲ, ಏಕೆಂದರೆ ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ಪಿಸ್ತೂಲುಗಳ ಬ್ಯಾರೆಲ್‌ಗಳೂ ಒಂದೇ ಬಗೆಯ ಪೆಲೆಟ್ಟನ್ನು ಇಷ್ಟಪಡುವುದಿಲ್ಲ. ಆರಂಭಕ್ಕೆ 4.50 ಅಥವಾ 4.49 ತೆಗೆದುಕೊಳ್ಳಿ, ಮುಂದಿನದನ್ನು ಪರೀಕ್ಷೆಯೇ ಹೇಳುತ್ತದೆ. ಕಾಸರಗೋಡಿನಲ್ಲಿ ಇಷ್ಟೆಲ್ಲ ಬಗೆಗಳು ಅಂಗಡಿಯಲ್ಲಿ ಕೈಗೆ ಸಿಗುವುದಿಲ್ಲ; ಮಂಗಳೂರಿಗೋ ಬೆಂಗಳೂರಿಗೋ ಹೋಗುವವರ ಕೈಯಲ್ಲಿ ಹೇಳಿ ತರಿಸಬೇಕು ಅಥವಾ ಕೊರಿಯರ್ ಮೂಲಕ ಪಡೆಯಬೇಕು. ಮೊದಲ ಸಲವೇ ಒಂದೇ ಬಗೆಯ ಹತ್ತು ಡಬ್ಬಿ ತರಿಸದೆ, ಮೂರು ನಾಲ್ಕು ಬಗೆಯ ಒಂದೊಂದೇ ಡಬ್ಬಿಯನ್ನು ತರಿಸಿ. ಸಾಧ್ಯವಾದರೆ ಜೊತೆಗಾರರೊಂದಿಗೆ ಹಂಚಿಕೊಳ್ಳಿ. ಪರೀಕ್ಷೆಗೆ ಪ್ರತಿ ಬಗೆಯ ನಲವತ್ತು ಐವತ್ತು ಪೆಲೆಟ್‌ಗಳು ಸಾಕು.

ನಾಲ್ಕನೆಯ ಹೆಜ್ಜೆ: ಡಬ್ಬಿಯನ್ನು ತೆರೆದು ಕಣ್ಣಿನಿಂದ ಪರೀಕ್ಷಿಸುವುದು

ಅಡಿಕೆಯ ಮನೆಗಳಲ್ಲಿ ಬೆಳೆದವರಿಗೆ ಈ ಕೆಲಸವನ್ನು ಕಲಿಸಬೇಕಾಗಿಲ್ಲ. ಸುಲಿದ ಚಾಲಿಯನ್ನು (ಒಣ ಅಡಿಕೆಯನ್ನು) ನೆಲದ ಮೇಲೆ ಹರಡಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕೆಳದರ್ಜೆಯ ಅಡಿಕೆಗಳನ್ನು ಬೇರೆಬೇರೆ ರಾಶಿ ಮಾಡುವ ಹೆಂಗಸರ ಕೈ ಯಾವುದನ್ನೂ ತೂಗುವುದಿಲ್ಲ, ಅಳೆಯುವುದಿಲ್ಲ; ಕಣ್ಣು ಬಿದ್ದೊಡನೆ ಬೆರಳು ಆರಿಸಿರುತ್ತದೆ. ಪೆಲೆಟ್ ಆರಿಸುವುದಕ್ಕೂ ಬೇಕಾಗಿರುವುದು ಅಂಥ ಕಣ್ಣು.

ಡಬ್ಬಿಯನ್ನು ಅಲುಗಾಡಿಸಬೇಡಿ. ಮುಚ್ಚಳ ತೆರೆದು, ಬಿಳಿ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ ಮೇಲೆ ಐವತ್ತರಷ್ಟು ಪೆಲೆಟ್‌ಗಳನ್ನು ಮೆಲ್ಲನೆ ಜಾರಿಸಿ. ಒಂದನ್ನು ನಡುವಿನ ಸಪೂರ ಭಾಗದಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಹಿಂಭಾಗವನ್ನು ತಿರುಗಿಸಿ ನೋಡಿ. ಪೆಲೆಟ್‌ನ ಹಿಂಭಾಗ ಲೋಟದಂತೆ ಟೊಳ್ಳಾಗಿರುತ್ತದೆ. ಇದರ ತೆಳು ಅಂಚನ್ನು ಸ್ಕರ್ಟ್ ಎನ್ನುತ್ತಾರೆ. ಗಾಳಿ ಬಂದು ತಳ್ಳುವುದು ಇದನ್ನೇ, ಉಬ್ಬಿ ಬ್ಯಾರೆಲ್ಲನ್ನು ಮುಚ್ಚುವುದೂ ಇದೇ. ಅಂಚು ಪೂರ್ತಿ ದುಂಡಗಿರಬೇಕು. ಒಂದು ಕಡೆ ಉಗುರು ಒತ್ತಿದಷ್ಟು ನೆಗ್ಗಿದ್ದರೂ, ಅಂಚಿನಲ್ಲಿ ಸೀಸದ ಸಿಬಿರು ಎದ್ದಿದ್ದರೂ, ಟೊಳ್ಳಿನೊಳಗೆ ಸೀಸದ ಚೂರು ಸಿಕ್ಕಿಕೊಂಡಿದ್ದರೂ ಅದನ್ನು ಪಕ್ಕಕ್ಕೆ ಇಡಿ. ಬಳಿಕ ತಿರುಗಿಸಿ ತಲೆಯನ್ನು ನೋಡಿ: ಚಪ್ಪಟೆ ಮುಖದ ಅಂಚು ಹರಿತವಾಗಿ, ಸುತ್ತಲೂ ಸಮನಾಗಿರಬೇಕು. ವಜ್ರದ ವ್ಯಾಪಾರಿಯ ಭೂತಗನ್ನಡಿಯೇನೂ ಬೇಡ, ಕಣ್ಣಿಗೆ ವಯಸ್ಸಾಗಿದ್ದರೆ ಸಾಧಾರಣ ಓದುವ ಕನ್ನಡಕ ಸಾಕು.

ಇನ್ನೊಂದು ಸುಲಭದ ಪರೀಕ್ಷೆಯಿದೆ. ತುಸು ಓರೆಯಾಗಿಟ್ಟ ಗಾಜಿನ ಹಲಗೆಯ ಮೇಲೆ ಪೆಲೆಟ್ಟನ್ನು ಅಡ್ಡಲಾಗಿಟ್ಟು ಉರುಳಲು ಬಿಡಿ. ತಲೆಗಿಂತ ಸ್ಕರ್ಟ್ ಅಗಲವಾಗಿರುವುದರಿಂದ ಅದು ನೇರ ಹೋಗದೆ ಬಿಲ್ಲಿನಂತೆ ಬಾಗಿ ಉರುಳುತ್ತದೆ. ಒಂದೇ ಅಳತೆಯ ಪೆಲೆಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಹೋಗಿ ಸೇರುತ್ತವೆ. ಅಂಚು ಕೆಟ್ಟವು ಕುಪ್ಪಳಿಸುತ್ತವೆ ಅಥವಾ ದಾರಿ ಬಿಡುತ್ತವೆ. ಇಪ್ಪತ್ತು ಪೆಲೆಟ್ಟನ್ನು ಹೀಗೆ ಉರುಳಿಸಿದರೆ ಆ ಡಬ್ಬಿಯ ಗುಣ ತಿಳಿಯುತ್ತದೆ. ಐವತ್ತರಲ್ಲಿ ಎರಡಕ್ಕಿಂತ ಹೆಚ್ಚು ಪೆಲೆಟ್ ಬದಿಗಿಡಬೇಕಾಗಿ ಬಂದರೆ ನಾನು ಆ ಡಬ್ಬಿಯನ್ನು ಕಲಿಯುವವರ ಕೈಗೆ ಕೊಡುವುದಿಲ್ಲ.

ಪೆಲೆಟ್ಟನ್ನು ಒಂದೊಂದಾಗಿ ತೂಗಿ ವಿಂಗಡಿಸುವ ಪದ್ಧತಿಯ ಬಗ್ಗೆ ಹಲವರು ಕೇಳುತ್ತಾರೆ. ಮಿಲಿಗ್ರಾಂ ತೋರಿಸುವ ತಕ್ಕಡಿ ಈಗ ಸುಲಭವಾಗಿ ಸಿಗುತ್ತದೆ, ತೂಗಿದರೆ ತಪ್ಪೇನಿಲ್ಲ. ಆದರೆ ಲೆಕ್ಕ ನೋಡಿ: ತೂಕದಲ್ಲಿ ನೂರಕ್ಕೆ ಒಂದರಷ್ಟು, ಅಂದರೆ ಸುಮಾರು 5 ಮಿಲಿಗ್ರಾಂ ವ್ಯತ್ಯಾಸವಿದ್ದರೆ ಪೆಲೆಟ್ ಇಳಿಯುವ 24 ಮಿ.ಮೀ.ಯಲ್ಲಿಯೂ ನೂರಕ್ಕೆ ಒಂದರಷ್ಟೇ ವ್ಯತ್ಯಾಸ ಬರುತ್ತದೆ. ಅದು ಕಾಲು ಮಿಲಿಮೀಟರ್. ಎಂಟು ಮಿಲಿಮೀಟರ್ ಅವಕಾಶವಿರುವಲ್ಲಿ ಈ ಕಾಲು ಮಿಲಿಮೀಟರಿಗಾಗಿ ಒಂದು ಸಂಜೆಯನ್ನು ತಕ್ಕಡಿಯ ಮುಂದೆ ಕಳೆಯುವುದಕ್ಕಿಂತ, ಅದೇ ಸಮಯದಲ್ಲಿ ಅರುವತ್ತು ಗುಂಡು ಹಾರಿಸುವುದು ಉತ್ತಮ. ತೂಕ ನೋಡಿ ಆರಿಸಿದ ಪೆಲೆಟ್‌ನ ಸ್ಕರ್ಟ್ ನೆಗ್ಗಿದ್ದರೆ ತೂಗಿದ್ದೆಲ್ಲ ವ್ಯರ್ಥ.

ಐದನೆಯ ಹೆಜ್ಜೆ: ಆಸರೆಯ ಮೇಲಿಟ್ಟು ಹೊಡೆದು ನೋಡುವುದು

ನಿರ್ಧಾರವಾಗುವುದು ಇಲ್ಲಿ, ಆದುದರಿಂದ ಈ ಕೆಲಸಕ್ಕೆ ಎರಡು ದಿನಗಳ ಪೂರ್ತಿ ಬೆಳಗ್ಗೆಯನ್ನು ಮೀಸಲಿಡಿ. ಕೈಯಲ್ಲಿ ಎತ್ತಿ ಹಿಡಿದು ಪೆಲೆಟ್ ಪರೀಕ್ಷಿಸುವುದು ಸಾಧ್ಯವೇ ಇಲ್ಲ. ಮೇಲೆ ಹೇಳಿದ ಲೆಕ್ಕದಂತೆ ಕೈಯ ಚೆದುರುವಿಕೆ ಪೆಲೆಟ್‌ನ ಚೆದುರುವಿಕೆಯನ್ನು ನುಂಗಿಬಿಡುತ್ತದೆ. ದೊಡ್ಡ ರೇಂಜುಗಳಲ್ಲಿ ಪಿಸ್ತೂಲನ್ನು ಹಿಡಿದಿಡುವ ಕ್ಲ್ಯಾಂಪ್ ಇರುತ್ತದೆ. ಅದಿಲ್ಲದವರು ಅಲುಗದ ಮೇಜೊಂದನ್ನು ತಂದು, ಹಳೆಯ ಜೀನ್ಸಿನ ಕಾಲೊಂದನ್ನು ಕತ್ತರಿಸಿ ಒಣ ಮರಳು ತುಂಬಿ ಹೊಲಿದು ಚೀಲ ಮಾಡಿಕೊಳ್ಳಬಹುದು. ನಾವು ಬಳಸುವುದೂ ಅದನ್ನೇ. ಕುರ್ಚಿಯಲ್ಲಿ ಕುಳಿತು, ಎರಡೂ ಕೈಗಳಿಂದ ಹಿಡಿದು, ಹಿಡಿಕೆಯ ಮುಂಭಾಗದ ಚೌಕಟ್ಟನ್ನು ಚೀಲದ ಮೇಲೆ ಇಡಿ. ಬ್ಯಾರೆಲ್ಲನ್ನಾಗಲಿ ಗಾಳಿಯ ಸಿಲಿಂಡರನ್ನಾಗಲಿ ಚೀಲಕ್ಕೆ ತಾಗಿಸಬಾರದು. ಹಾಗೆ ಮಾಡಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಎಲ್ಲರೂ ರಕ್ಷಣೆಯ ಕನ್ನಡಕ ಹಾಕಿಕೊಂಡಿರಬೇಕು, ಯಾಕೆಂದರೆ ಉಕ್ಕಿಗೆ ತಾಗಿದ ಸೀಸದ ಚೂರು ಹಿಂದಕ್ಕೂ ಸಿಡಿಯಬಲ್ಲದು.

ಕಾರ್ಡಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಜೂನ್ ಹಿಡಿದರೆ ಕಾಗದವೆಲ್ಲ ತೇವ ಹೀರಿ ಮೆತ್ತಗಾಗುತ್ತದೆ. ಮೆತ್ತಗಿನ ಕಾರ್ಡಿನಲ್ಲಿ ಚಪ್ಪಟೆ ತಲೆಯ ಪೆಲೆಟ್ ಕೂಡ ಹರಕು ತೂತು ಮಾಡುತ್ತದೆ, ಮತ್ತು ಹರಕು ತೂತನ್ನು ಅಳೆದರೆ ಬರುವ ಅಂಕಿಗೆ ಅರ್ಥವಿಲ್ಲ. ಕಾರ್ಡುಗಳನ್ನು ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಚೀಲದೊಳಗೆ ಒಣಗಿಸುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಕಟ್ಟಿಡಿ. ಸಾಧ್ಯವಿದ್ದರೆ ಪರೀಕ್ಷೆಯನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಿಗೆ ಇಟ್ಟುಕೊಳ್ಳಿ.

ಪೆಲೆಟ್‌ನ ಬಗೆ ಬದಲಾಯಿಸಿದಾಗಲೆಲ್ಲ ಮೊದಲ ಹತ್ತು ಹದಿನೈದು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ಬಗೆ ಬ್ಯಾರೆಲ್‌ನೊಳಗೆ ಸೀಸದ ತೆಳು ಲೇಪವನ್ನು ಬಿಟ್ಟಿರುತ್ತದೆ. ಹೊಸ ಬಗೆ ತನ್ನ ಲೇಪವನ್ನು ಹರಡಿ ನೆಲೆಯಾಗುವವರೆಗೆ ಗುಂಪು, ಅಂದರೆ ಕಾರ್ಡಿನ ಮೇಲೆ ಒಟ್ಟಾಗಿ ಬೀಳುವ ತೂತುಗಳ ಗೊಂಚಲು, ಸ್ಥಿರವಾಗುವುದಿಲ್ಲ. ಆಮೇಲೆ ಐದೈದು ಗುಂಡುಗಳ ಐದು ಗುಂಪುಗಳನ್ನು ಬೇರೆಬೇರೆ ಕಾರ್ಡುಗಳ ಮೇಲೆ ಹೊಡೆಯಿರಿ. ಎಲ್ಲ ಗುಂಪುಗಳನ್ನೂ ಒಂದೇ ಬಗೆಯಿಂದ ಒಮ್ಮೆಲೇ ಮುಗಿಸಿದರೆ, ಕೊನೆಯ ಬಗೆಯ ಸರದಿ ಬರುವಾಗ ಕಣ್ಣು ದಣಿದಿರುತ್ತದೆ. ಹಾಗಾಗಿ ಇಂದು ಮೊದಲನೆಯ ಬಗೆಯಿಂದ ನಾಲ್ಕನೆಯದಕ್ಕೆ, ನಾಳೆ ನಾಲ್ಕನೆಯದರಿಂದ ಮೊದಲನೆಯದಕ್ಕೆ ಎಂಬಂತೆ ಕ್ರಮವನ್ನು ತಿರುಗಿಸಿ. ಗಾಳಿಯ ಸಿಲಿಂಡರಿನ ಒತ್ತಡವನ್ನು ಆರಂಭದಲ್ಲಿಯೂ ಕೊನೆಯಲ್ಲಿಯೂ ಬರೆದಿಟ್ಟುಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಬಳಸುವ ಹಳೆಯ ಪಿಸ್ತೂಲಾದರೆ ಪ್ರತಿ ಗುಂಡಿನ ನಡುವೆ ಅರ್ಧ ನಿಮಿಷವಾದರೂ ಬಿಡಿ, ಏಕೆಂದರೆ ಬೇಗಬೇಗ ಹೊಡೆದರೆ ಅದು ತಣ್ಣಗಾಗಿ ವೇಗ ಇಳಿಯುತ್ತದೆ.

ಗುಂಪನ್ನು ಅಳೆಯುವಾಗ ಅತ್ಯಂತ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್‌ನಿಂದ ಅಳೆದು 4.5 ಮಿ.ಮೀ. ಕಳೆಯಿರಿ, ಉಳಿದದ್ದು ನಡುವಿನಿಂದ ನಡುವಿಗೆ ಇರುವ ದೂರ. ಹೊರ ಅಳತೆ 7 ಮಿ.ಮೀ. ಬಂದರೆ ಗುಂಪು 2.5 ಮಿ.ಮೀ. ಇದು ಮರಳು ಚೀಲದ ಮೇಲಿನಿಂದ ತುಂಬ ಒಳ್ಳೆಯ ಗುಂಪು. ನಾಲ್ಕು ಮಿಲಿಮೀಟರ್ ಬಂದರೂ ಹತ್ತರ ವೃತ್ತಕ್ಕೆ ಧಾರಾಳ.

ಒಂದು ಸುಂದರವಾದ ಗುಂಪನ್ನು ಕಂಡು ಮರುಳಾಗಬಾರದೆಂದು ಒತ್ತಿ ಹೇಳುತ್ತೇನೆ. ಐದು ಗುಂಡುಗಳು ಒಂದೇ ತೂತಿನಲ್ಲಿ ಹೋಗುವುದು ಅದೃಷ್ಟದಿಂದಲೂ ಆಗುತ್ತದೆ, ಮತ್ತು ಎಲ್ಲರೂ ಆ ಕಾರ್ಡನ್ನೇ ಗೋಡೆಗೆ ಅಂಟಿಸುತ್ತಾರೆ. ನಾನು ನೋಡುವುದು ಮೊದಲು ಪ್ರತಿ ಬಗೆಯ ಅತ್ಯಂತ ಕೆಟ್ಟ ಗುಂಪನ್ನು, ಬಳಿಕ ಐದರ ಸರಾಸರಿಯನ್ನು. ಸರಾಸರಿ 2.8 ಇದ್ದು ಒಂದು ಗುಂಪು 7ಕ್ಕೆ ಹೋದ ಬಗೆಗಿಂತ, ಸರಾಸರಿ 3.5 ಇದ್ದು ಯಾವುದೂ 4.5 ದಾಟದ ಬಗೆಯನ್ನು ಕಲಿಯುವವರಿಗೆ ಕೊಡುತ್ತೇನೆ. ಎರಡು ಬಗೆಗಳ ಸರಾಸರಿಗಳ ನಡುವೆ ಅರ್ಧ ಮಿಲಿಮೀಟರ್ ಅಂತರವಿದ್ದರೆ ಅವೆರಡೂ ಸಮವೆಂದೇ ತಿಳಿದು, ಯಾವುದು ಸುಲಭವಾಗಿ ಮತ್ತು ನಿರಂತರವಾಗಿ ಸಿಗುತ್ತದೆಯೋ ಅದನ್ನು ಆರಿಸುವುದು ಸರಿ.

ಆರನೆಯ ಹೆಜ್ಜೆ: ಒಂದೇ ಲಾಟ್‌ನಿಂದ ಕೊಳ್ಳುವುದು

ಡಬ್ಬಿಯ ಅಡಿಯಲ್ಲಿಯೋ ಬದಿಯ ಚೀಟಿಯಲ್ಲಿಯೋ ಲಾಟ್ (ಒಂದೇ ಸಲ ತಯಾರಾದ ಕಂತು) ಸಂಖ್ಯೆ ಇರುತ್ತದೆ. ಪೆಲೆಟ್ ಒತ್ತುವ ಅಚ್ಚು ಸವೆಯುತ್ತ ಹೋಗುವುದರಿಂದಲೂ ಬದಲಾಗುವುದರಿಂದಲೂ, ಹೆಸರು ಒಂದೇ ಆದರೂ ಎರಡು ಲಾಟ್‌ಗಳು ಒಂದೇ ರೀತಿ ಇರುವುದಿಲ್ಲ. ಪರೀಕ್ಷೆಯಲ್ಲಿ ಗೆದ್ದ ಡಬ್ಬಿಯ ಲಾಟ್ ಸಂಖ್ಯೆಯನ್ನು ಅಂಗಡಿಯವರಿಗೆ ಹೇಳಿ ಅದೇ ಸಂಖ್ಯೆಯದನ್ನು ಕೇಳಿ. ಎಷ್ಟು ಬೇಕೆಂಬುದಕ್ಕೆ ಲೆಕ್ಕ ಸರಳ: ವಾರಕ್ಕೆ ನಾಲ್ಕು ದಿನ, ದಿನಕ್ಕೆ 80 ಗುಂಡುಗಳಂತೆ ಹೊಡೆಯುವವರಿಗೆ ವಾರಕ್ಕೆ 320, ವರ್ಷದಲ್ಲಿ 48 ವಾರ ಹಿಡಿದರೆ 15,360, ಅಂದರೆ 500ರ ಡಬ್ಬಿಗಳು ಮೂವತ್ತೊಂದು. ಅಷ್ಟನ್ನೂ ಒಮ್ಮೆಗೆ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಪಂದ್ಯಕ್ಕೆಂದು ಒಂದೇ ಲಾಟ್‌ನ ನಾಲ್ಕು ಡಬ್ಬಿಗಳನ್ನು ತೆಗೆದಿಟ್ಟು, ಅಭ್ಯಾಸಕ್ಕೆ ಅದೇ ತೂಕದ ಅಗ್ಗದ ಪೆಲೆಟ್ಟನ್ನು ಬಳಸುವುದು ನಡುದಾರಿ. ಆಗ ಎರಡರಿಂದಲೂ ಆಸರೆಯ ಮೇಲೆ ಹೊಡೆದು, ತೂತು ಎಷ್ಟು ಮೇಲೆ ಕೆಳಗೆ ಅಥವಾ ಪಕ್ಕಕ್ಕೆ ಸರಿಯುತ್ತದೆ, ಅದಕ್ಕೆ ಸೈಟಿನ ಎಷ್ಟು ಕ್ಲಿಕ್ ಬೇಕು ಎಂಬುದನ್ನು ಡೈರಿಯಲ್ಲಿ ಬರೆದಿಡಿ. ಪಂದ್ಯಕ್ಕೆ ಒಂದು ವಾರ ಮೊದಲು ಪಂದ್ಯದ ಪೆಲೆಟ್‌ಗೆ ಬದಲಾಯಿಸಿ, ಹಿಂದಿನ ದಿನ ಅಲ್ಲ.

ಡಬ್ಬಿಗಳನ್ನು ಇಟ್ಟುಕೊಳ್ಳುವುದು ಮತ್ತು ಬಳಸುವುದು

ವರ್ಷಕ್ಕೆ 3,500 ಮಿ.ಮೀ.ಯಷ್ಟು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಸೀಸಕ್ಕೆ ದೊಡ್ಡ ಶತ್ರು ತೇವ. ಪೆಲೆಟ್‌ನ ಮೈ ಮೊದಲು ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ; ಅದರಿಂದ ತೊಂದರೆಯಿಲ್ಲ. ಬಿಳಿಯ ಹುಡಿ ಕಾಣಿಸಿಕೊಂಡರೆ ಆ ಡಬ್ಬಿಯನ್ನು ಬಳಸಬೇಡಿ, ಬೆರಳಿನಿಂದ ಉಜ್ಜಿ ಶುಚಿ ಮಾಡಲೂ ಹೋಗಬೇಡಿ. ಮರದ ಕಪಾಟಿನಲ್ಲಿ, ಅದರಲ್ಲಿಯೂ ಹೊಸ ಮರದ ಪೆಟ್ಟಿಗೆಯಲ್ಲಿ ಇಡುವುದು ಒಳ್ಳೆಯದಲ್ಲ, ಏಕೆಂದರೆ ಮರದಿಂದ ಹೊರಬರುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಪೊಟ್ಟಣಗಳನ್ನು ಎರಡು ತಿಂಗಳಿಗೊಮ್ಮೆ ಬದಲಾಯಿಸಿದರೆ ಮಳೆಗಾಲ ದಾಟುತ್ತದೆ. ಡಬ್ಬವನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಅಭ್ಯಾಸದ ಸಮಯದಲ್ಲಿ ಡಬ್ಬಿಯಿಂದ ನೇರವಾಗಿ ತೆಗೆಯದೆ, ಅಂದಿಗೆ ಬೇಕಾದಷ್ಟನ್ನು ಬಟ್ಟೆ ಹಾಸಿದ ಚಿಕ್ಕ ತಟ್ಟೆಗೆ ಜಾರಿಸಿಕೊಳ್ಳಿ. ಪ್ರತಿ ಪೆಲೆಟ್ಟನ್ನೂ ತುಂಬುವ ಮೊದಲು ಸ್ಕರ್ಟಿನ ಕಡೆಗೊಮ್ಮೆ ಕಣ್ಣು ಹಾಯಿಸುವುದನ್ನು ಉಸಿರಾಟದಷ್ಟೇ ಸಹಜವಾದ ಅಭ್ಯಾಸ ಮಾಡಿಕೊಳ್ಳಿ. ಅದಕ್ಕೆ ಒಂದು ಸೆಕೆಂಡೂ ಬೇಡ. ಬ್ಯಾರೆಲ್‌ನ ಬಾಯಿಗೆ ಇಡುವಾಗ ಹೆಬ್ಬೆರಳಿನಿಂದ ನೇರವಾಗಿ ಒತ್ತಿ, ಓರೆಯಾಗಿ ತಳ್ಳಿದರೆ ಅಷ್ಟು ಜೋಪಾನ ಮಾಡಿದ ಅಂಚು ಅಲ್ಲಿಯೇ ಕೆಡುತ್ತದೆ. ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿ ಹಿಡಿದುಕೊಳ್ಳುವ ಅಭ್ಯಾಸ ಕೆಲವರಿಗಿದೆ, ಸೀಸ ವಿಷವಾದುದರಿಂದ ಅದನ್ನು ಖಂಡಿತ ಬಿಡಬೇಕು. ಅಭ್ಯಾಸ ಮುಗಿಯುವವರೆಗೆ ಎಲೆಯಡಿಕೆ, ಚಹಾ, ತಿಂಡಿ ಯಾವುದೂ ಬೇಡ; ಮುಗಿದೊಡನೆ ಸಾಬೂನು ಹಾಕಿ ಕೈ ತೊಳೆಯಿರಿ. ಪೆಟ್ಟಿಗೆಯಲ್ಲಿ ಸಂಗ್ರಹವಾದ ಸೀಸವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಡಬ್ಬಿಯಲ್ಲಿ ಮುಚ್ಚಿಟ್ಟು ಗುಜರಿಯವರಿಗೆ ಕೊಡಿ; ತೋಟದ ಮಣ್ಣಿಗೆ ಎಸೆಯಬೇಡಿ.

ಬಳಸುತ್ತಿರುವ ಲಾಟ್ ಮುಗಿಯುತ್ತ ಬಂದು ಕೊನೆಯ ಡಬ್ಬಿಯಲ್ಲಿ ನೂರು ಪೆಲೆಟ್ ಉಳಿದಿರುವಾಗಲೇ ಹೊಸ ಲಾಟ್‌ನ ಡಬ್ಬಿಯನ್ನು ತೆರೆಯಿರಿ. ಹಳೆಯದರಿಂದ ಐದು ಗುಂಪು, ಹೊಸದರಿಂದ ಐದು ಗುಂಪು, ಒಂದೇ ಬೆಳಗ್ಗೆ, ಒಂದೇ ಮರಳು ಚೀಲದ ಮೇಲಿಟ್ಟು ಹೊಡೆದು, ಎರಡರ ಅಳತೆಗಳನ್ನೂ ಡೈರಿಯ ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆಯಿರಿ. ಹಳೆಯ ಲಾಟ್ ಪೂರ್ತಿ ಮುಗಿದ ಮೇಲೆ ಹೊಸದನ್ನು ಹೋಲಿಸಿ ನೋಡಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.